24 ಎಚ್‌ಪಿಗೆ ಎಷ್ಟು ದೊಡ್ಡ ನೇಗಿಲು?

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ಕಬ್ಬಿನ ಸಾಲುಗಳಲ್ಲಿ ಎತ್ತಿನ ಜೋಡಿ ಮಾಡುತ್ತಿದ್ದ ಕೆಲಸವನ್ನು ಈಗ ಸಣ್ಣ ಟ್ರ್ಯಾಕ್ಟರ್ ಮಾಡುತ್ತಿದೆ. ಕಳೆ ಹರಗುವುದು, ಬೋದು ಏರಿಸುವುದು, ಕುಳೆ ಕಬ್ಬಿನ ರವದಿ ಪುಡಿ ಮಾಡುವುದು, ದ್ರಾಕ್ಷಿ ತೋಟದಲ್ಲಿ ಔಷಧಿ ಹೊಡೆಯುವುದು, ಎಲ್ಲಕ್ಕೂ ಅದೇ. ಕೊಳ್ಳುವಾಗ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಎಷ್ಟು ಎಚ್‌ಪಿ? ಅದರ ಹಿಂದೆ ಕಟ್ಟುವ ಸಲಕರಣೆಯನ್ನು ಆರಿಸುವಾಗ ಮಾತ್ರ ಯಾರೂ ಲೆಕ್ಕ ಹಾಕುವುದಿಲ್ಲ. ಎಂಜಿನ್ ಎಳೆಯುವವರೆಗೆ ದೊಡ್ಡದೇ ಇರಲಿ, ಕೊಟ್ಟ ದುಡ್ಡಿಗೆ ಅಗಲವಾದದ್ದೇ ಬರಲಿ ಎಂಬ ಆಸೆ ಗೆಲ್ಲುತ್ತದೆ. ಎಷ್ಟೋ ಸಣ್ಣ ಟ್ರ್ಯಾಕ್ಟರ್‌ಗಳು ಬೇಗ ಸವೆಯುವುದಕ್ಕೆ, ಎಷ್ಟೋ ಹೊಲಗಳ ಮಣ್ಣು ಗಟ್ಟಿಯಾಗುವುದಕ್ಕೆ ಈ ಆಸೆಯೇ ಕಾರಣ ಎಂದು ನಾನು ನಂಬಿದ್ದೇನೆ.

ಟ್ರ್ಯಾಕ್ಟರ್ ತನ್ನ ಶಕ್ತಿಯನ್ನು ಮೂರು ದಾರಿಯಲ್ಲಿ ಹೊಲಕ್ಕೆ ಕೊಡುತ್ತದೆ. ನೇಗಿಲು, ಕುಂಟಿಯನ್ನು ಗಾಲಿಯ ಬಲದಿಂದ ಎಳೆಯುತ್ತದೆ. ರೋಟಾವೇಟರ್, ಬ್ಲೋವರ್‌ಗಳನ್ನು ಹಿಂದಿನ ಪಿಟಿಒ ದಂಡದಿಂದ ತಿರುಗಿಸುತ್ತದೆ. ಹೈಡ್ರಾಲಿಕ್ ತೋಳುಗಳಿಂದ ಸಲಕರಣೆಯನ್ನು ಎತ್ತಿ ಹಿಡಿಯುತ್ತದೆ. ಈ ಮೂರಕ್ಕೂ ಬೇರೆ ಬೇರೆ ಮಿತಿಗಳಿವೆ. ಎಳೆತವನ್ನು ತಡೆಯುವುದು ಟ್ರ್ಯಾಕ್ಟರಿನ ಭಾರ, ತಿರುಗುವಿಕೆಯನ್ನು ತಡೆಯುವುದು ಎಂಜಿನ್, ಎತ್ತುವುದನ್ನು ತಡೆಯುವುದು ಮುಂದಿನ ಗಾಲಿಯ ಮೇಲಿನ ಹೊರೆ. ಬಾನೆಟ್ ಮೇಲೆ ಬರೆದ ಎಚ್‌ಪಿ ಇವುಗಳಲ್ಲಿ ಒಂದಕ್ಕೆ ಮಾತ್ರ ನೇರವಾಗಿ ಉತ್ತರ ಕೊಡುತ್ತದೆ.

ಮೊದಲು ಎಳೆತ. ಟ್ರ್ಯಾಕ್ಟರ್ 24 ಎಚ್‌ಪಿಯದು, ಭಾರ 900 ಕೆಜಿ, ಎಂಜಿನ್ ನಾಲ್ಕೂ ಗಾಲಿಗಳನ್ನು ತಿರುಗಿಸುತ್ತದೆ ಎಂದಿಟ್ಟುಕೊಳ್ಳೋಣ. ಹದವಾದ ಎರಿ ಮಣ್ಣಿನಲ್ಲಿ ಗಾಲಿ ತನ್ನ ಮೇಲಿನ ಭಾರದ ಸುಮಾರು 40 ಪ್ರತಿಶತದಷ್ಟನ್ನು ಎಳೆತವಾಗಿ ಬದಲಿಸಬಲ್ಲದು. ಅಂದರೆ 360 ಕೆಜಿ. ಗಂಟೆಗೆ 4 ಕಿಲೋಮೀಟರ್ ವೇಗದಲ್ಲಿ ಅಷ್ಟನ್ನು ಎಳೆದರೆ ಬಳಕೆಯಾಗುವ ಶಕ್ತಿ ಸುಮಾರು ಐದೂಕಾಲು ಎಚ್‌ಪಿ. ಉಳಿದ ಎಚ್‌ಪಿ ಎಂಜಿನ್ನಿನಲ್ಲಿ ಇದ್ದರೂ ಮಣ್ಣಿಗೆ ಇಳಿಯಲು ದಾರಿಯಿಲ್ಲ. ಇನ್ನೂ ಭಾರ ಹೇರಿದರೆ ಗಾಲಿ ಜಾರುತ್ತದೆ, ಅಷ್ಟೆ. ನೂರಕ್ಕೆ 10ರಿಂದ 15ರಷ್ಟು ಜಾರುವುದು ಸಹಜ, ಅಷ್ಟು ಬೇಕೂ ಬೇಕು. ಅದು ಮೀರಿದರೆ ಡೀಸೆಲ್ ಟೈರಿನ ರಬ್ಬರನ್ನು ತೇಯಲು ಖರ್ಚಾಗುತ್ತದೆ.

ಈಗ ನೇಗಿಲಿನ ಕಡೆಯ ಲೆಕ್ಕ. ಹದದಲ್ಲಿರುವ ಕಪ್ಪು ಮಣ್ಣು ನೇಗಿಲು ಕೊಯ್ಯುವ ಪ್ರತಿ ಚದರ ಸೆಂಟಿಮೀಟರ್‌ಗೆ ಸುಮಾರು 0.7 ಕೆಜಿ ಎದುರುಬಲ ಒಡ್ಡುತ್ತದೆ ಎನ್ನೋಣ. 30 ಸೆಂಟಿಮೀಟರ್ ಅಗಲದ ನೇಗಿಲನ್ನು 20 ಸೆಂಟಿಮೀಟರ್ ಆಳಕ್ಕೆ ಹೂಡಿದರೆ ಬೇಕಾದ ಎಳೆತ 420 ಕೆಜಿ. ನಮ್ಮ ಟ್ರ್ಯಾಕ್ಟರಿಗೆ ಅದು ಆಗದು. 25 ಸೆಂಟಿಮೀಟರ್ ಅಗಲ, 15 ಸೆಂಟಿಮೀಟರ್ ಆಳಕ್ಕೆ ಇಳಿದರೆ ಸುಮಾರು 260 ಕೆಜಿ. ಅದು ಆರಾಮಾಗಿ ಸಾಗುತ್ತದೆ, ಮಣ್ಣು ಗಟ್ಟಿಯಿರುವ ಜಾಗಕ್ಕೂ ಸ್ವಲ್ಪ ಬಲ ಉಳಿದಿರುತ್ತದೆ. ಕಲ್ಟಿವೇಟರ್ ಆದರೂ ಹಾಗೆಯೇ. ಒಂದು ತಾಳಿಗೆ 50 ಕೆಜಿ ಹಿಡಿದರೆ ದೊಡ್ಡ ಟ್ರ್ಯಾಕ್ಟರಿನ ಒಂಬತ್ತು ತಾಳಿನ ಚೌಕಟ್ಟು 450 ಕೆಜಿ ಕೇಳುತ್ತದೆ, ಐದು ತಾಳಿನದು 250. ಇವೆಲ್ಲ ಮಣ್ಣು ಹದವಾಗಿದ್ದಾಗಿನ ಅಂಕಿಗಳು. ಬೇಸಿಗೆಯಲ್ಲಿ ಬಿರುಕುಬಿಟ್ಟು ಒಣಗಿದ ಎರಿ ಭೂಮಿಯಲ್ಲಿ ಎದುರುಬಲ ದುಪ್ಪಟ್ಟಾದರೂ ಅಚ್ಚರಿಯಿಲ್ಲ. ಸಲಕರಣೆಯ ಅಳತೆಯ ಜೊತೆಗೆ ಹೊಲಕ್ಕೆ ಇಳಿಯುವ ದಿನವನ್ನೂ ಆರಿಸಬೇಕಾಗುತ್ತದೆ.

ಈ ಸೀಮೆಗೆ ಇಂಥ ಲೆಕ್ಕ ಹೊಸದಲ್ಲ. ಎತ್ತು ತನ್ನ ಮೈಭಾರದ ಸುಮಾರು ಹತ್ತರಲ್ಲಿ ಒಂದು ಪಾಲಿನಷ್ಟು ಬಲದಿಂದ ದಿನವಿಡೀ ಎಳೆಯಬಲ್ಲದು. ಆಳವಾದ ಕಪ್ಪು ಭೂಮಿಗೆ ದೊಡ್ಡ ಮರದ ನೇಗಿಲು ಹೂಡುವಾಗ ಹಿರಿಯರು ಒಂದು ಜೋಡಿಯ ಮುಂದೆ ಇನ್ನೊಂದು, ಅದರ ಮುಂದೆ ಮತ್ತೊಂದು ಜೋಡಿ ಕಟ್ಟುತ್ತಿದ್ದರು. ಕಬ್ಬಿಣದ ನೇಗಿಲೂ ಇದೇ ಬೆಳಗಾವಿ ಜಿಲ್ಲೆಯ ಕೂಸು. ಸವದತ್ತಿ ಬಳಿಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದರು. ಮುಂದೆ ಅಲ್ಲಿಯೇ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು ತಯಾರಿಸಿ, 1910ರಲ್ಲಿ ಇಂದಿನ ಸಾಂಗ್ಲಿ ಜಿಲ್ಲೆಯ ಕಿರ್ಲೋಸ್ಕರವಾಡಿಗೆ ಕಾರ್ಖಾನೆ ಸಾಗಿಸಿದರು. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆ ಎಂದು ರೈತರು ಹೆದರಿದ್ದರಿಂದ ಮೊದಮೊದಲು ಆ ನೇಗಿಲುಗಳು ಮಾರಾಟವಾಗಲೇ ಇಲ್ಲ. ಆ ಹೆದರಿಕೆ ಹೋಗಿ ಎಷ್ಟೋ ಕಾಲವಾಯಿತು. ಆದರೆ ಎತ್ತಿನ ಕಾಲದ ಒಂದು ಅನುಕೂಲ ಇಂದು ಇಲ್ಲ. ಎಳೆತ ಸಾಲದಿದ್ದರೆ ಇನ್ನೊಂದು ಜೋಡಿ ಕಟ್ಟಬಹುದಿತ್ತು. ಟ್ರ್ಯಾಕ್ಟರಿಗೆ ಭಾರ ಸೇರಿಸಬಹುದು, ಅದೂ ತುಸುವೇ. ಗಾಲಿಗೆ ಕಬ್ಬಿಣದ ತೂಕ ಕಟ್ಟುವುದು, ಟೈರಿನೊಳಗೆ ನೀರು ತುಂಬುವುದು ಅದಕ್ಕಾಗಿಯೇ.

ರೋಟಾವೇಟರಿನ ಕಥೆ ತಲೆಕೆಳಗು. ಅದರ ಬ್ಲೇಡುಗಳು ಗಾಲಿ ತಿರುಗುವ ದಿಕ್ಕಿನಲ್ಲೇ ತಿರುಗುತ್ತ ಮಣ್ಣನ್ನು ಹಿಂದಕ್ಕೆ ಒದೆಯುವುದರಿಂದ ಟ್ರ್ಯಾಕ್ಟರನ್ನು ಮುಂದಕ್ಕೆ ತಳ್ಳುತ್ತವೆ. ಗಾಲಿಯ ಹಿಡಿತ ಹೆಚ್ಚು ಬೇಕಿಲ್ಲ, ಎಂಜಿನ್ನಿನ ಶಕ್ತಿ ಪಿಟಿಒ ಮೂಲಕ ನೇರವಾಗಿ ಮಣ್ಣಿಗೆ ಹೋಗುತ್ತದೆ. ಹಗುರವಾದ ಟ್ರ್ಯಾಕ್ಟರಿಗೆ ನೇಗಿಲಿಗಿಂತ ರೋಟಾವೇಟರ್ ಒಗ್ಗುವುದು ಈ ಕಾರಣದಿಂದ. ಇಲ್ಲಿ ಎಚ್‌ಪಿಯ ಅಂಕಿ ನಿಜವಾಗಿಯೂ ಮುಖ್ಯ. 24 ಎಚ್‌ಪಿ ಎಂಜಿನ್ನಿನಿಂದ ಪಿಟಿಒಗೆ ಸಿಗುವುದು 20–21. ಭಾರಿ ಮಣ್ಣಿನಲ್ಲಿ ರೋಟಾವೇಟರಿನ ಒಂದು ಅಡಿ ಅಗಲಕ್ಕೆ ಆರೇಳು ಎಚ್‌ಪಿ ಬೇಕೆಂದು ಹಿಡಿದರೆ ಮೂರು, ಹೆಚ್ಚೆಂದರೆ ಮೂರೂಕಾಲು ಅಡಿಗೆ ನಿಲ್ಲಬೇಕು.

ಆದರೂ ನಾಲ್ಕು ಅಡಿಯದನ್ನು ಕಟ್ಟಿದರೆ ಏನಾಗುತ್ತದೆ? ಟ್ರ್ಯಾಕ್ಟರ್ ನಿಂತುಹೋಗುವುದಿಲ್ಲ. ಚಾಲಕ ಗೇರ್ ಇಳಿಸಿ ನಿಧಾನ ಓಡಿಸುತ್ತಾನೆ. 1 ಮೀಟರ್ ಅಗಲದ್ದು ಗಂಟೆಗೆ 2.5 ಕಿಲೋಮೀಟರ್ ಓಡಿದರೆ, ತಿರುವಿನಲ್ಲಿ ಐದನೇ ಒಂದು ಪಾಲು ಹೊತ್ತು ಕಳೆದರೂ ಗಂಟೆಗೆ 2,000 ಚದರ ಮೀಟರ್ ಮುಗಿಯುತ್ತದೆ, ಎಕರೆಗೆ ಎರಡು ಗಂಟೆ. 1.25 ಮೀಟರಿನದು 1.8 ಕಿಲೋಮೀಟರಿಗೆ ಇಳಿದರೆ ಮುಗಿಯುವುದು 1,800 ಚದರ ಮೀಟರ್, ಎಕರೆಗೆ ಎರಡೂಕಾಲು ಗಂಟೆ. ಹೆಚ್ಚು ದುಡ್ಡು ಕೊಟ್ಟು ತಂದ ಸಲಕರಣೆ ಕಡಿಮೆ ಕೆಲಸ ಮಾಡಿತು. ಅದಕ್ಕಿಂತ ದೊಡ್ಡ ಕೇಡು ಮಣ್ಣಿಗೆ. ರೋಟರ್ ನಿಮಿಷಕ್ಕೆ 200 ಸುತ್ತು ತಿರುಗಿ, ಒಂದೊಂದು ಸುತ್ತಿಗೆ ಒಂದೇ ಜಾಗದಲ್ಲಿ ಮೂರು ಬ್ಲೇಡು ಬಡಿದರೆ 2.5 ಕಿಲೋಮೀಟರ್ ವೇಗದಲ್ಲಿ ಮಣ್ಣು ಸುಮಾರು 7 ಸೆಂಟಿಮೀಟರಿನ ಹೋಳುಗಳಾಗಿ ಏಳುತ್ತದೆ. 1.8ರಲ್ಲಿ ಹೋಳು 5 ಸೆಂಟಿಮೀಟರಿಗೆ ಇಳಿಯುತ್ತದೆ. ನುಣ್ಣಗಾದಷ್ಟೂ ಒಳ್ಳೆಯದು ಎಂಬುದು ಕಣ್ಣಿಗೆ ಕಾಣುವ ಸುಖ. ಹಿಟ್ಟಾದ ಎರಿ ಮಣ್ಣು ಮೊದಲ ಮಳೆಗೇ ಹೆಪ್ಪುಗಟ್ಟುತ್ತದೆ, ಸೋಯಾ ಮೊಳಕೆ ಆ ಹೆಪ್ಪನ್ನು ಒಡೆದು ಮೇಲೇಳಲು ಒದ್ದಾಡುತ್ತದೆ. ವರ್ಷವರ್ಷವೂ ಅದೇ ಆಳಕ್ಕೆ ಬಡಿದರೆ ಬ್ಲೇಡಿನ ತುದಿಯ ಕೆಳಗೆ ಗಟ್ಟಿ ಪದರ ಕೂರುತ್ತದೆ.

ಮೂರನೆಯದು ಎತ್ತುವುದು. ಅಂಗಡಿಯಲ್ಲಿ 750 ಕೆಜಿ ಎತ್ತುತ್ತದೆ ಎಂದರೆ ಸಾಮಾನ್ಯವಾಗಿ ಅದು ತೋಳಿನ ತುದಿಯಲ್ಲಿ ಅಳೆದ ಅಂಕಿ. ಸಲಕರಣೆಯ ಭಾರ ಕೂರುವುದು ಅದಕ್ಕೂ ಹಿಂದೆ, ಅಲ್ಲಿ ಸಾಮರ್ಥ್ಯ ಕಡಿಮೆ. ಹೈಡ್ರಾಲಿಕ್ ಎತ್ತಿದರೂ ಟ್ರ್ಯಾಕ್ಟರ್ ತಾಳಿಕೊಳ್ಳಬೇಕಲ್ಲ? ನಮ್ಮ 900 ಕೆಜಿಯಲ್ಲಿ 360 ಕೆಜಿ ಮುಂದಿನ ಗಾಲಿಗಳ ಮೇಲಿದೆ, ಎರಡು ಅಚ್ಚುಗಳ ನಡುವೆ ಒಂದೂವರೆ ಮೀಟರ್ ಇದೆ ಎನ್ನೋಣ. ಹಿಂದಿನ ಅಚ್ಚಿನಿಂದ ಒಂದು ಮೀಟರ್ ಹಿಂದೆ 250 ಕೆಜಿಯ ರೋಟಾವೇಟರ್ ತೂಗಿದರೆ ಮುಂದಿನ ಗಾಲಿಗಳ ಹೊರೆ 193 ಕೆಜಿಗೆ ಇಳಿಯುತ್ತದೆ. ಸ್ಟೇರಿಂಗ್ ಮಾತು ಕೇಳಬೇಕಾದರೆ ಟ್ರ್ಯಾಕ್ಟರ್ ಭಾರದ ಐದನೇ ಒಂದು ಪಾಲಾದರೂ, ಅಂದರೆ 180 ಕೆಜಿ, ಮುಂದೆ ಉಳಿಯಬೇಕು. ಅಂಚಿನಲ್ಲಿ ಪಾರಾದೆವು. 350 ಕೆಜಿಯದನ್ನು ಇನ್ನೂ 10 ಸೆಂಟಿಮೀಟರ್ ಹಿಂದೆ ತೂಗಿದರೆ ಮುಂದೆ ಉಳಿಯುವುದು ಬರೀ 103 ಕೆಜಿ. ಕಾಲುವೆ ಏರಿ ಹತ್ತುವಾಗ ಮೂಗು ಮೇಲೇಳುವ ಟ್ರ್ಯಾಕ್ಟರ್ ಇದೇ.

ಅಥಣಿ ಭಾಗದ ದ್ರಾಕ್ಷಿ ಬೆಳೆಗಾರರಿಗೆ ಈ ಲೆಕ್ಕ ಇನ್ನೂ ಹತ್ತಿರದ್ದು. ಒಂದು ಲೀಟರ್ ನೀರೆಂದರೆ ಒಂದು ಕೆಜಿ. 400 ಲೀಟರಿನ ಟ್ಯಾಂಕನ್ನು ಹಿಂದೆ ಎತ್ತಿಕೊಂಡು ಸಾಲಿನ ಕೊನೆಯಲ್ಲಿ ತಿರುಗುವುದಕ್ಕಿಂತ ಗಾಲಿಯಿರುವ, ಎಳೆದುಕೊಂಡು ಹೋಗುವ ಟ್ಯಾಂಕು ಸುರಕ್ಷಿತ. ಬ್ಲೋವರ್ ಫ್ಯಾನಿನದು ಬೇರೆಯೇ ನಿಯಮ: ಅದು ಕೇಳುವ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ವೇಗವನ್ನು ನೂರಕ್ಕೆ 10ರಷ್ಟು ಇಳಿಸಿದರೆ ಗಾಳಿ ಕಡಿಮೆಯಾಗುವುದು 10ರಷ್ಟೇ, ಉಳಿತಾಯವಾಗುವ ಶಕ್ತಿ ಮಾತ್ರ 27ರಷ್ಟು.

ಕಬ್ಬಿನಲ್ಲಿ ಇವೆಲ್ಲಕ್ಕೂ ಮುಂಚೆ ತೀರ್ಮಾನವಾಗಬೇಕಾದದ್ದು ಸಾಲಿನ ಅಂತರ. ಹಳೆಯ ರೂಢಿಯ ಮೂರು ಅಡಿ ಸಾಲೆಂದರೆ 90 ಸೆಂಟಿಮೀಟರ್. ಸಣ್ಣ ಟ್ರ್ಯಾಕ್ಟರಿನ ಹೊರ ಅಗಲವೇ ಸುಮಾರು ಅಷ್ಟಿರುತ್ತದೆ. ಗುಣಿಯ ಮರಿಗಳು ಸಾಲಿನ ಗೆರೆಯಿಂದ ಎರಡೂ ಕಡೆ 20 ಸೆಂಟಿಮೀಟರ್ ಹರಡಿದರೆ ನಾಲ್ಕು ಅಡಿಯ ಸಾಲಿನಲ್ಲೂ ಬಯಲು ಉಳಿಯುವುದು 80 ಸೆಂಟಿಮೀಟರ್ ಮಾತ್ರ. ಟೈರು ಮರಿ ತುಳಿಯುತ್ತದೆ. ನಾಲ್ಕೂವರೆ ಅಡಿಯಾದರೆ ನುಸುಳಬಹುದು, ಐದು ಅಡಿಯಾದರೆ ನಿರಾಳ. ಸಲಕರಣೆ ಟೈರಿನ ಗುರುತನ್ನು ಅಳಿಸುವಷ್ಟು ಅಗಲ ಇರಬೇಕು, ಬೇರಿಗೆ ತಾಗದಷ್ಟು ಕಿರಿದೂ ಇರಬೇಕು. ಆದ್ದರಿಂದ ಟೇಪು ಹಿಡಿದು ಮೊದಲು ಹೊಲ ಅಳೆಯಿರಿ ಎಂದೇ ನಾನು ಕೇಳಿಕೊಳ್ಳುವುದು. ಸಾಲು ನೆಟ್ಟಾದ ಮೇಲೆ ಟ್ರ್ಯಾಕ್ಟರ್ ತಂದವರಿಗೆ ಕುಳೆ ಬೆಳೆ ಮುಗಿಯುವವರೆಗೂ ಆ ಸಾಲನ್ನು ಬದಲಿಸಲಾಗದು.

ಕೃಷ್ಣೆಯ ದಂಡೆಗುಂಟ ಸವಳು-ಜವಳಾದ ಹೊಲಗಳಲ್ಲಿ ಸಣ್ಣ ಯಂತ್ರಕ್ಕೆ ಇನ್ನೊಂದು ಬೆಲೆಯಿದೆ. ತೇವದ ಜೇಡಿಯನ್ನು ಎಷ್ಟು ಆಳದವರೆಗೆ ಅಮುಕುತ್ತೇವೆ ಎಂಬುದು ಮುಖ್ಯವಾಗಿ ಒಂದು ಅಚ್ಚಿನ ಮೇಲಿನ ಒಟ್ಟು ಭಾರದಿಂದ ನಿರ್ಧಾರವಾಗುತ್ತದೆ. ನೀರು ಬಸಿಯದೆ ಕೆಟ್ಟ ಭೂಮಿಯನ್ನು ಭಾರಿ ಟ್ರ್ಯಾಕ್ಟರಿನಿಂದ ಮತ್ತೆ ಅಮುಕುವುದು ನೋಡಲಾಗದ ಸಂಗತಿ. ಹಗುರವಾದ ಟ್ರ್ಯಾಕ್ಟರಿನ ಈ ಲಾಭವನ್ನು ಅತಿಭಾರದ ಸಲಕರಣೆ ಕಟ್ಟಿ ಕಳೆದುಕೊಳ್ಳಬಾರದು.

ಕೊಳ್ಳುವ ಮುಂಚೆ ನೋಡಲು ಸಾಧ್ಯವಿರುವ ಒಂದು ಕಾಗದವಿದೆ. ಮಧ್ಯಪ್ರದೇಶದ ಬುಧ್ನಿಯಲ್ಲಿರುವ ಕೇಂದ್ರ ಸರ್ಕಾರದ ಸಂಸ್ಥೆ ಟ್ರ್ಯಾಕ್ಟರ್‌ಗಳನ್ನು ಪರೀಕ್ಷಿಸಿ ಪಿಟಿಒ ಶಕ್ತಿ, ಎಳೆತ, ಎತ್ತುವ ಸಾಮರ್ಥ್ಯಗಳನ್ನು ಬೇರೆ ಬೇರೆಯಾಗಿ ದಾಖಲಿಸುತ್ತದೆ. ಆ ವರದಿಯನ್ನು ಡೀಲರ್ ಬಳಿ ಕೇಳಿ. ಜೋಡಣೆಯ ಪಿನ್ನುಗಳನ್ನೂ ಅಳೆಯಿರಿ: ಕೆಳತೋಳಿನ ಪಿನ್ನು 22 ಮಿಲಿಮೀಟರ್ ಇದ್ದರೆ ಅದು ಒಂದನೇ ವರ್ಗ, 28 ಇದ್ದರೆ ದೊಡ್ಡ ಟ್ರ್ಯಾಕ್ಟರಿಗೆಂದು ಮಾಡಿದ ಎರಡನೇ ವರ್ಗ. ವರ್ಷಕ್ಕೊಮ್ಮೆ ಬೇಕಾಗುವ ಆಳ ಉಳುಮೆಗೆ ಸ್ವಂತ ನೇಗಿಲು ಬೇಡವೇ ಬೇಡ. ಕೃಷಿ ಯಂತ್ರಧಾರೆ ಕೇಂದ್ರದಿಂದ ದೊಡ್ಡ ಟ್ರ್ಯಾಕ್ಟರನ್ನು ಬಾಡಿಗೆಗೆ ತರಿಸಿ, ಸಾಲಿನೊಳಗಿನ ಕೆಲಸವನ್ನು ಸಣ್ಣದಕ್ಕೆ ಬಿಡುವುದು ಲೇಸು.

ಟ್ರೇಲರ್ ಕೂಡ ಒಂದು ಸಲಕರಣೆಯೇ. ಕಬ್ಬಿನ ಹಂಗಾಮಿನಲ್ಲಿ ಅದರ ಅಳತೆಯನ್ನೇ ಎಲ್ಲರೂ ಮರೆಯುತ್ತಾರೆ. ಸಮತಟ್ಟಾದ ಡಾಂಬರು ರಸ್ತೆಯಲ್ಲಿ ಸಣ್ಣ ಟ್ರ್ಯಾಕ್ಟರ್ ಐದು ಟನ್ನನ್ನೂ ಎಳೆದೀತು, ಪ್ರಶ್ನೆ ನಿಲ್ಲಿಸುವುದರದು. ಟ್ರೇಲರಿಗೆ ಬ್ರೇಕ್ ಇಲ್ಲದಿದ್ದರೆ ಎಲ್ಲವನ್ನೂ ತಡೆಯುವುದು ಟ್ರ್ಯಾಕ್ಟರಿನ 900 ಕೆಜಿ ಮಾತ್ರ. ನಾಲ್ಕೂ ಗಾಲಿ ಪೂರ್ತಿ ಹಿಡಿದವೆಂದೇ ಇಟ್ಟುಕೊಂಡರೂ ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಒಂಟಿ ಟ್ರ್ಯಾಕ್ಟರ್ ಎರಡೂವರೆ ಮೀಟರಿನಲ್ಲಿ ನಿಲ್ಲುತ್ತದೆ, ಎರಡು ಟನ್ ಹಿಂದಿದ್ದರೆ ಎಂಟೂವರೆ ಮೀಟರ್ ಬೇಕು, ಐದು ಟನ್ ಇದ್ದರೆ 17. ಇಳಿಜಾರಿನಲ್ಲಿ ಇನ್ನೂ ಹೆಚ್ಚು, ಅಡ್ಡ ತಿರುಗಿದರೆ ಟ್ರೇಲರ್ ಟ್ರ್ಯಾಕ್ಟರನ್ನೇ ಪಕ್ಕಕ್ಕೆ ತಳ್ಳುತ್ತದೆ. ಸ್ವಂತ ಬ್ರೇಕ್ ಇರುವ, ತುಂಬಿದಾಗ ಟ್ರ್ಯಾಕ್ಟರಿನ ಎರಡು ಪಟ್ಟು ಭಾರ ಮೀರದ ಸಣ್ಣ ಟ್ರೇಲರ್ ಹೊಲದಿಂದ ರಸ್ತೆಯವರೆಗೆ ಕಬ್ಬು ಸಾಗಿಸಲಿ. ಅಲ್ಲಿಂದ ಕಾರ್ಖಾನೆಯ ಗೇಟಿನವರೆಗಿನ ಓಟ ದೊಡ್ಡ ಟ್ರ್ಯಾಕ್ಟರಿನದು.