ಊರು ಬಿಡದವನ ಕಥೆ

ಅಡಿಲೇಡ್ ನಗರದ ಉತ್ತರಕ್ಕಿರುವ ನಮ್ಮ ಕಿಲ್ಬರ್ನ್ ಬಡಾವಣೆಯಲ್ಲಿ ಕ್ರಿಸ್‌ಮಸ್ ಬರುವುದು ಬೇಸಿಗೆಯಲ್ಲಿ. ಡಿಸೆಂಬರಿನಲ್ಲಿ ತಾಪಮಾನ 40 ಡಿಗ್ರಿ ದಾಟುವ ದಿನಗಳೂ ಉಂಟು. ಹಿಮವೆಂಬುದು ಅಂಗಡಿಗಳ ಗಾಜಿನ ಮೇಲೆ ಅಂಟಿಸಿದ ಬಿಳಿ ಚಿತ್ತಾರ ಮಾತ್ರ. ಅಂಥದೊಂದು ಸಂಜೆ, ಐವತ್ತು ದಾಟಿದ ವಯಸ್ಸಿನಲ್ಲಿ, ‘ಇಟ್ಸ್ ಎ ವಂಡರ್‌ಫುಲ್ ಲೈಫ್’ ಎಂಬ ಅಮೆರಿಕದ ಚಲನಚಿತ್ರವನ್ನು ಮೊದಲ ಬಾರಿಗೆ ನೋಡಿದೆ. ನನ್ನ ಸಹೋದ್ಯೋಗಿಗಳಲ್ಲಿ ಅನೇಕರು ಇದನ್ನು ಬಾಲ್ಯದಿಂದಲೂ ನೋಡುತ್ತ ಬೆಳೆದವರು. ನಾವು ‘ಬಂಗಾರದ ಮನುಷ್ಯ’ ನೋಡುತ್ತ ಬೆಳೆದ ಹಾಗೆ.

ಫ್ರ್ಯಾಂಕ್ ಕಾಪ್ರಾ ನಿರ್ದೇಶಿಸಿದ ಈ ಚಿತ್ರ 1946ರ ಡಿಸೆಂಬರಿನಲ್ಲಿ ತೆರೆಕಂಡಿತು. ಐದು ಆಸ್ಕರ್ ನಾಮನಿರ್ದೇಶನಗಳು ದೊರೆತರೂ ನಿರೀಕ್ಷಿಸಿದಷ್ಟು ಹಣ ಬರಲಿಲ್ಲ. 1974ರಲ್ಲಿ ಅದರ ಕೃತಿಸ್ವಾಮ್ಯದ ನವೀಕರಣ ತಪ್ಪಿಹೋಯಿತು. ಆಗ ಅಮೆರಿಕದ ಟಿ.ವಿ. ಕೇಂದ್ರಗಳು ಪ್ರತಿ ಕ್ರಿಸ್‌ಮಸ್‌ಗೂ ಅದನ್ನು ಪುಕ್ಕಟೆಯಾಗಿ ತೋರಿಸತೊಡಗಿದವು. ಚಿತ್ರ ಮನೆಮಾತಾದದ್ದು ಹೀಗೆ. ತೆರೆಯ ಮೇಲೆ ಸುರಿಯುವ ಹಿಮವೂ ಹುಸಿ. ಕ್ಯಾಲಿಫೋರ್ನಿಯಾದ ಬಿರುಬೇಸಿಗೆಯಲ್ಲಿ, ಬೆಂಕಿ ನಂದಿಸುವ ನೊರೆಗೆ ಸಾಬೂನು, ನೀರು ಬೆರೆಸಿ ಸಿಂಪಡಿಸಿದ ಹಿಮವದು. ನಟ ಜೇಮ್ಸ್ ಸ್ಟುವರ್ಟ್ ಕೋಟು ತೊಟ್ಟು ನಡೆದದ್ದು ನಮ್ಮ ಡಿಸೆಂಬರಿನಂಥ ಸೆಕೆಯಲ್ಲಿಯೇ.

ಕಥೆ ಹೊರಗಿನಿಂದ ಸರಳ. ಜಾರ್ಜ್ ಬೈಲಿ ಎಂಬ ಯುವಕನಿಗೆ ಬೆಡ್‌ಫರ್ಡ್ ಫಾಲ್ಸ್ ಎಂಬ ಸಣ್ಣ ಊರನ್ನು ಬಿಟ್ಟು ಜಗತ್ತನ್ನು ನೋಡುವ ಹಂಬಲ. ಪ್ರಯಾಣಕ್ಕೆಂದು ದೊಡ್ಡದೊಂದು ಸೂಟ್‌ಕೇಸು ಉಡುಗೊರೆಯಾಗಿ ಬರುತ್ತದೆ. ಅಷ್ಟರಲ್ಲಿ ತಂದೆ ತೀರಿಕೊಳ್ಳುತ್ತಾರೆ. ಅವರು ನಡೆಸುತ್ತಿದ್ದ ಸಾಲದ ಸಂಘ ಮುಚ್ಚದಿರಲೆಂದು ಜಾರ್ಜ್ ಉಳಿಯುತ್ತಾನೆ. ತನ್ನ ಓದಿನ ಹಣವನ್ನು ತಮ್ಮ ಹ್ಯಾರಿಗೆ ಕೊಟ್ಟು ಕಾಲೇಜಿಗೆ ಕಳುಹಿಸುತ್ತಾನೆ. ನಾಲ್ಕು ವರ್ಷಗಳ ಬಳಿಕ ಹ್ಯಾರಿ ಬಂದು ಸಂಘವನ್ನು ವಹಿಸಿಕೊಳ್ಳಬೇಕು. ಆದರೆ ಅವನು ಮದುವೆಯಾಗಿ, ಮಾವನ ಕಾರ್ಖಾನೆಯಲ್ಲಿ ನೌಕರಿಯ ಭರವಸೆಯೊಂದಿಗೆ ಬರುತ್ತಾನೆ. ಜಾರ್ಜ್ ಮತ್ತೆ ಉಳಿಯುತ್ತಾನೆ.

ಗದಗ ಸೀಮೆಯಿಂದ ಬಂದ ನನಗೆ ಆ ಸಂಘ ಪರಕೀಯವೆನಿಸಲಿಲ್ಲ. ಭಾರತದ ಮೊದಲ ಕೃಷಿ ಸಹಕಾರ ಸಂಘ 1905ರಲ್ಲಿ ಸಿದ್ಧನಗೌಡ ಪಾಟೀಲರಿಂದ ಸ್ಥಾಪನೆಯಾದದ್ದು ನಮ್ಮ ಕಣಗಿನಹಾಳದಲ್ಲಿ. ಠೇವಣಿ ಹಿಂಪಡೆಯಲು ಮುಗಿಬಿದ್ದ ಜನರಿಗೆ ಜಾರ್ಜ್ ತಿಳಿಹೇಳುವ ದೃಶ್ಯವೊಂದಿದೆ: ನಿಮ್ಮ ಹಣ ಪೆಟ್ಟಿಗೆಯಲ್ಲಿಲ್ಲ, ನೆರೆಯವನ ಮನೆಯ ಗೋಡೆಯಾಗಿ ನಿಂತಿದೆ ಎಂಬುದು ಅವನ ಮಾತಿನ ತಾತ್ಪರ್ಯ. ಸಹಕಾರವೆಂದರೇನೆಂದು ಇದಕ್ಕಿಂತ ಚೆನ್ನಾಗಿ ವಿವರಿಸಿದ್ದನ್ನು ನಾನು ಕಂಡಿಲ್ಲ.

ಮುಂದೊಂದು ಕ್ರಿಸ್‌ಮಸ್‌ನ ಹಿಂದಿನ ದಿನ ಸಂಘದ ಎಂಟು ಸಾವಿರ ಡಾಲರ್ ಕಾಣೆಯಾಗುತ್ತದೆ. ಕಂಗೆಟ್ಟ ಜಾರ್ಜ್ ಸಾಯಲೆಂದು ಸೇತುವೆಯ ಮೇಲೆ ನಿಲ್ಲುತ್ತಾನೆ. ಕ್ಲಾರೆನ್ಸ್ ಎಂಬ ದೇವದೂತ, ಅವನು ಹುಟ್ಟಿಯೇ ಇರದಿದ್ದರೆ ಊರು ಹೇಗಿರುತ್ತಿತ್ತೆಂದು ತೋರಿಸುತ್ತಾನೆ. ಬಾಲ್ಯದಲ್ಲಿ ಹಿಮಗಟ್ಟಿದ ನೀರಿಗೆ ಬಿದ್ದ ಹ್ಯಾರಿಯನ್ನು ಎತ್ತಿದವನು ಜಾರ್ಜ್. ಅವನಿಲ್ಲದಿದ್ದರೆ ಹ್ಯಾರಿ ಇಲ್ಲ. ಹ್ಯಾರಿ ಮಹಾಯುದ್ಧದಲ್ಲಿ ಉಳಿಸಿದ ಹಡಗಿನ ಸೈನಿಕರೂ ಇಲ್ಲ.

ಪರದೇಶದಲ್ಲಿ ನೆಲೆಸಿದ ನಮ್ಮಂಥವರ ಪಾತ್ರ ಈ ಚಿತ್ರದಲ್ಲಿ ಜಾರ್ಜ್‌ನದಲ್ಲ, ಹ್ಯಾರಿಯದು. ಪದವಿ, ಪದಕ, ಸನ್ಮಾನಗಳು ಹೊರಗೆ ಹೋದವನಿಗೆ. ಹೊರಡುವ ಪ್ರತಿಯೊಬ್ಬನ ಹಿಂದೆ ಉಳಿದವರೊಬ್ಬರು ಇದ್ದೇ ಇರುತ್ತಾರೆ: ಅಣ್ಣನೋ ತಂಗಿಯೋ ಅತ್ತಿಗೆಯೋ. ನಮ್ಮ ಮನೆಯಲ್ಲಿ ಅದು ನನ್ನ ತಮ್ಮ. ಅವ್ವನ ಇ.ಸಿ.ಜಿ.ಯನ್ನು ವಾಟ್ಸ್ಆ್ಯಪಿನಲ್ಲಿ ನೋಡಿ ಔಷಧ ಸೂಚಿಸುವುದು ವೈದ್ಯನಾದ ನನಗೆ ಐದು ನಿಮಿಷದ ಕೆಲಸ. ನಡುರಾತ್ರಿ ಅವಳನ್ನು ಎತ್ತಿ ಕಾರಿನಲ್ಲಿ ಕೂರಿಸಿ, ಆಸ್ಪತ್ರೆಯ ಬೆಂಚಿನ ಮೇಲೆ ಬೆಳಗು ಮಾಡುವುದು ಅವನ ಕೆಲಸ. ಊರಿನಲ್ಲಿ ಕೊಂಡಾಟ ಮಾತ್ರ ಆಸ್ಟ್ರೇಲಿಯಾದ ಡಾಕ್ಟರನಿಗೆ.

‘ತಾಯಿಯನ್ನು ಅಲ್ಲಿಗೇ ಕರೆಸಿಕೊಳ್ಳಬಾರದೆ?’ ಎಂದು ಬಂಧುಗಳು ಕೇಳುತ್ತಾರೆ. ವಿದೇಶಕ್ಕೆ ಹೊರಟಿರುವವರು ತಿಳಿದಿರಬೇಕಾದ ನಿಯಮವೊಂದಿದೆ. ಆಸ್ಟ್ರೇಲಿಯಾದ ಕಾಯಂ ಪೋಷಕ ವೀಸಾಕ್ಕೆ ಮಕ್ಕಳಲ್ಲಿ ಕನಿಷ್ಠ ಅರ್ಧದಷ್ಟು ಜನ ಇಲ್ಲಿ ಕಾಯಂ ಆಗಿ ನೆಲೆಸಿರಬೇಕು, ಇಲ್ಲವೇ ಬೇರೆ ಯಾವುದೇ ಒಂದು ದೇಶದಲ್ಲಿರುವವರಿಗಿಂತ ಇಲ್ಲಿರುವವರ ಸಂಖ್ಯೆ ಹೆಚ್ಚಿರಬೇಕು. ನಾವು ಮೂವರು, ತಮ್ಮ, ತಂಗಿ ಇಬ್ಬರೂ ಕರ್ನಾಟಕದಲ್ಲಿದ್ದಾರೆ. ಹೀಗಾಗಿ ನಮಗೆ ಆ ಬಾಗಿಲು ತೆರೆಯದು. ತಾತ್ಕಾಲಿಕ ವೀಸಾಗಳುಂಟು, ಆದರೆ ಅವು ಭೇಟಿಗೆ ಒದಗುತ್ತವೆಯೇ ಹೊರತು ಮುಪ್ಪಿನ ಆಸರೆಗಲ್ಲ. ಊರಲ್ಲಿ ಯಾರು ಉಳಿಯುತ್ತಾರೆ, ಅವರ ಖರ್ಚಿಗೆ, ಆಸ್ತಿಯ ಪಾಲಿಗೆ, ವರ್ಷಕ್ಕೆ ನಾಲ್ಕು ದಿನದ ಬಿಡುವಿಗೆ ಏನು ಏರ್ಪಾಡು ಎಂಬ ಮಾತನ್ನು ವಿಮಾನ ಹತ್ತುವ ಮುನ್ನವೇ ಮನೆಯವರೆಲ್ಲ ಕೂತು ಆಡಿಬಿಡುವುದು ಒಳಿತು.

1972ರ ‘ಬಂಗಾರದ ಮನುಷ್ಯ’ದಲ್ಲಿಯೂ ಮನೆಗಾಗಿ ಹಳ್ಳಿಯಲ್ಲಿ ನಿಂತವನೊಬ್ಬನಿದ್ದಾನೆ. ರಾಜ್‌ಕುಮಾರ್ ಅಭಿನಯಿಸಿದ ಆ ರಾಜೀವ, ತಾನು ಬೆಳೆಸಿದ ಅಕ್ಕನ ಮಗನಿಂದಲೇ ಅವಮಾನಿತನಾಗಿ ಬರಿಗೈಯಲ್ಲಿ ಮನೆ ಬಿಟ್ಟು ನಡೆಯುತ್ತಾನೆ. ಜಾರ್ಜ್‌ನ ಮನೆಗಾದರೋ ಊರಿಗೆ ಊರೇ ಹಣ ಹಿಡಿದು ಬರುತ್ತದೆ. ಹ್ಯಾರಿಯೂ ಸನ್ಮಾನದ ಔತಣವನ್ನು ಬಿಟ್ಟು ಅಣ್ಣನಲ್ಲಿಗೆ ಧಾವಿಸುತ್ತಾನೆ. ಉಳಿದವರ ಕಥೆಗೆ ಇವೆರಡರಲ್ಲಿ ಯಾವ ಮುಕ್ತಾಯ ಎಂಬುದು ಬಹುಮಟ್ಟಿಗೆ ಹೊರಟುಹೋದವರ ಕೈಯಲ್ಲಿದೆ. ಕಣ್ಣೀರು ತರಿಸುವ ಬಲದಲ್ಲಿ ಎರಡೂ ಚಿತ್ರಗಳು ಸಮ. ಆದರೆ ನಮ್ಮ ಮನೆಗಳಿಗೆ ನಾನು ಬಯಸುವುದು ಎರಡನೆಯದನ್ನು.

ಮರುದಿನ ತಮ್ಮನಿಗೆ ಫೋನಿನಲ್ಲಿ ಕಥೆ ಹೇಳಿದೆ. ಅವನು ಊರಿನ ಸಹಕಾರ ಸಂಘದ ಲೆಕ್ಕ ನೋಡಿಕೊಳ್ಳುವವನು. ದೇವದೂತನ ವಿಚಾರ ಅವನಿಗೆ ಅಷ್ಟಾಗಿ ಹಿಡಿಸಲಿಲ್ಲ.

“ಅಣ್ಣಾ, ಆ ಎಂಟು ಸಾವಿರ ಕಡೀಗೆ ಸಿಕ್ತೇನು?” ಎಂದ.

ಸಿಗಲಿಲ್ಲ, ಪಾಟರ್ ಎಂಬ ಸಾಹುಕಾರ ಅದನ್ನು ಅಡಗಿಸಿಟ್ಟುಕೊಂಡ, ಅವನಿಗೆ ಶಿಕ್ಷೆಯೂ ಆಗಲಿಲ್ಲ ಎಂದೆ.

“ಊರ ಮಂದಿ ತುಂಬಿಕೊಟ್ರು ಅಂದಿಯಲ್ಲ, ಅವರಿಗೆ ರಶೀದಿ ಕೊಟ್ರಿಲ್ಲೋ?” ಎಂದು ನಕ್ಕ. ಅಷ್ಟರಲ್ಲಿ ಹಿಂದಿನಿಂದ ದನಿಯೊಂದು ಕೇಳಿಸಿತು. “ಇರು, ಅವ್ವ ಕರ್ಯಾಕತ್ತಾಳ” ಎಂದವನೇ ಫೋನ್ ಇಟ್ಟ.