ಸೋಯಾ ಅವರೆ: ಮಾರಾಟಕ್ಕಷ್ಟೇ ಅಲ್ಲ, ಮನೆಯ ಹೆಣ್ಣುಮಕ್ಕಳಿಗೂ

ಕಲಘಟಗಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಸೋಯಾ ಅವರೆಯ ಕ್ಷೇತ್ರೋತ್ಸವ ಮುಗಿಸಿ ಚಹಾ ಕುಡಿಯುತ್ತಿದ್ದಾಗ ರೈತ ಮಹಿಳೆಯೊಬ್ಬರು ಹತ್ತಿರ ಬಂದು, "ಸರ, ಸೋಯಾ ತಿಂದ್ರ ಗರ್ಭಚೀಲದಾಗ ಗಡ್ಡಿ ಬೆಳೀತಾವಂತ, ಖರೇ ಏನ್ರಿ?" ಎಂದು ಕೇಳಿದರು. ಅವರ ಜೊತೆಯಲ್ಲಿದ್ದ ಇನ್ನೊಬ್ಬ ತಾಯಿಯದು ಇದಕ್ಕೆ ತದ್ವಿರುದ್ಧ ನಂಬಿಕೆ. ಮುಟ್ಟಿನ ತೊಂದರೆಗೆ ಒಳ್ಳೆಯದೆಂದು ಯಾರೋ ಹೇಳಿದ್ದರಿಂದ ಪೇಟೆಯಿಂದ ತಂದ ಸೋಯಾ ಮಾತ್ರೆಗಳನ್ನು ಅವರು ಮೂರು ತಿಂಗಳಿಂದ ನುಂಗುತ್ತಿದ್ದರು. ಒಂದೇ ಕಾಳು ಒಬ್ಬರಿಗೆ ವಿಷ, ಇನ್ನೊಬ್ಬರಿಗೆ ಮದ್ದು!

ನಾನು ಬೇಸಾಯಶಾಸ್ತ್ರದವನು, ವೈದ್ಯನಲ್ಲ. ಆದರೆ ಹದಿನೈದು ವರ್ಷಗಳಿಂದ ಈ ಬೆಳೆಯನ್ನು ಬೆಳೆಯಿರೆಂದು ತಮಗೆ ಹೇಳುತ್ತ ಬಂದವನು, ಅದನ್ನು ಉಣ್ಣುವ ಬಗ್ಗೆ ಕೇಳಿದಾಗ ಸುಮ್ಮನಿರುವುದು ಸರಿಯಲ್ಲ. ಗೃಹವಿಜ್ಞಾನದ ಸಹೋದ್ಯೋಗಿಗಳನ್ನೂ ಪರಿಚಯದ ವೈದ್ಯರನ್ನೂ ವಿಚಾರಿಸಿ ಇದನ್ನು ಬರೆಯುತ್ತಿದ್ದೇನೆ.

ಸೋಯಾ ಕಾಳಿನಲ್ಲಿ ಸುಮಾರು ಶೇ. 40 ಸಸಾರಜನಕ, ಶೇ. 20 ಎಣ್ಣೆಯ ಅಂಶವಿದೆ. ಇವುಗಳ ಜೊತೆಗೆ ಐಸೋಫ್ಲೇವೋನ್ ಎಂಬ ವಸ್ತುಗಳೂ ಇವೆ. ಹೆಣ್ಣಿನ ದೇಹದ ಈಸ್ಟ್ರೋಜನ್ ಹಾರ್ಮೋನನ್ನು ರಚನೆಯಲ್ಲಿ ಇವು ಹೋಲುತ್ತವೆ. ಗೊಂದಲ ಹುಟ್ಟಿದ್ದು ಇಲ್ಲಿಂದ. ಗರ್ಭಕೋಶದ ಗಡ್ಡೆ ಈಸ್ಟ್ರೋಜನ್ನಿನಿಂದ ಬೆಳೆಯುತ್ತದೆ ಎಂಬುದು ನಿಜ. ಆದುದರಿಂದ ಸೋಯಾ ಗಡ್ಡೆ ಬೆಳೆಸುತ್ತದೆಂದು ಜನ ಊಹಿಸಿದರು. ಆದರೆ ಐಸೋಫ್ಲೇವೋನ್‌ಗಳ ಶಕ್ತಿ ಈಸ್ಟ್ರೋಜನ್ನಿನ ಮುಂದೆ ಬಹಳ ಕಡಿಮೆ, ಅವು ಕೆಲಸ ಮಾಡುವ ರೀತಿಯೂ ಬೇರೆ. ಊಟದಲ್ಲಿ ಬಳಸುವ ಪ್ರಮಾಣದ ಸೋಯಾದಿಂದ ದೊಡ್ಡವರಲ್ಲಿ ಗಡ್ಡೆ ಬೆಳೆಯುತ್ತದೆ ಎಂಬುದು ಸಾಬೀತಾಗಿಲ್ಲ.

ಮಾತ್ರೆಯ ವಿಷಯ ಬೇರೆ. ಇಟಲಿಯಲ್ಲಿ ಮುಟ್ಟು ನಿಂತ ಮಹಿಳೆಯರಿಗೆ ದಿನಕ್ಕೆ 150 ಮಿ.ಗ್ರಾಂ. ಐಸೋಫ್ಲೇವೋನ್ ಅನ್ನು ಐದು ವರ್ಷ ಮಾತ್ರೆಯಲ್ಲಿ ಕೊಟ್ಟ ಪ್ರಯೋಗದ ವರದಿ 2004ರಲ್ಲಿ ಬಂದಿತು. ಮಾತ್ರೆ ನುಂಗಿದವರಲ್ಲಿ ಕೆಲವರಿಗೆ ಗರ್ಭಕೋಶದ ಒಳಪದರ ಅತಿಯಾಗಿ ಬೆಳೆದಿತ್ತು. ಹುಸಿ ಮಾತ್ರೆ ನುಂಗಿದವರಲ್ಲಿ ಯಾರಿಗೂ ಹಾಗಾಗಿರಲಿಲ್ಲ. ಇನ್ನು ಪಿ.ಸಿ.ಓ.ಡಿ. ಇರುವ 70 ಮಹಿಳೆಯರ ಮೇಲೆ ಇರಾನಿನಲ್ಲಿ 12 ವಾರ ನಡೆದ ಪ್ರಯೋಗದಲ್ಲಿ (2016) ದಿನಕ್ಕೆ 50 ಮಿ.ಗ್ರಾಂ. ನಿಂದ ಸ್ವಲ್ಪ ಗುಣ ಕಂಡಿತು. ಆದರೆ ತಾವೇ ಯೋಚಿಸಿ: ಒಂದೇ ಮುಂಗಾರಿನಲ್ಲಿ ಒಂದೇ ತಾಕಿನಲ್ಲಿ ಇಳುವರಿ ಹೆಚ್ಚು ಬಂತೆಂದು ಹೊಸ ತಳಿಯನ್ನು ನಾವು ಶಿಫಾರಸು ಮಾಡುತ್ತೇವೆಯೇ? ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಮೈ ಬಿಸಿಯೇರಿ ಬೆವರುವುದು ಮಾತ್ರ ಐಸೋಫ್ಲೇವೋನಿನಿಂದ ಸ್ವಲ್ಪ ಕಡಿಮೆಯಾಗುತ್ತದೆಂದು ಹಲವು ಪ್ರಯೋಗಗಳು ತೋರಿಸಿವೆ.

ಒಣಕಾಳಿನ ಒಂದು ಗ್ರಾಮಿನಲ್ಲಿ ಸಾಮಾನ್ಯವಾಗಿ 1ರಿಂದ 3 ಮಿ.ಗ್ರಾಂ. ಐಸೋಫ್ಲೇವೋನ್ ಇರುತ್ತದೆ. ಇದು ತಳಿಯಿಂದ ತಳಿಗೆ ಬದಲಾಗುತ್ತದೆ. ಕಾಳು ಕಟ್ಟುವಾಗ ಹವೆ ತಂಪಾಗಿದ್ದರೆ ಹೆಚ್ಚುತ್ತದೆ. ಹೀಗಾಗಿ ಹೊಲದ ಕಾಳನ್ನು ಔಷಧದಂತೆ ಅಳೆದು ತಿನ್ನುವುದು ಆಗದ ಮಾತು. ಅದನ್ನು ಬೇಳೆಕಾಳೆಂದೇ ತಿನ್ನಬೇಕು.

ಬಳಸುವ ವಿಧಾನ

ಹಸಿ ಸೋಯಾ ಕಾಳನ್ನು ಎಂದಿಗೂ ತಿನ್ನಬಾರದು. ಸಸಾರಜನಕ ಅರಗದಂತೆ ತಡೆಯುವ ಅಂಶ ಅದರಲ್ಲಿದ್ದು, ಬೇಯಿಸಿದರೆ ಮಾತ್ರ ಅದು ಬಹುಮಟ್ಟಿಗೆ ನಾಶವಾಗುತ್ತದೆ. ಸಿಪ್ಪೆ ತೆಗೆದ ಬೇಳೆಯನ್ನು ಕುದಿಯುವ ನೀರಿಗೆ ಹಾಕಿ 25ರಿಂದ 30 ನಿಮಿಷ ಬೇಯಿಸಿ, ನೀರು ಬಸಿದು, ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಬೇಕು. 9 ಕಿ.ಗ್ರಾಂ. ಗೋಧಿ ಅಥವಾ ಜೋಳಕ್ಕೆ 1 ಕಿ.ಗ್ರಾಂ. ನಂತೆ ಬೆರೆಸಿ ಗಿರಣಿಗೆ ಕೊಟ್ಟರೆ ಚಪಾತಿ, ರೊಟ್ಟಿ ಎರಡಕ್ಕೂ ಆಗುತ್ತದೆ. ಇದಕ್ಕಿಂತ ಹೆಚ್ಚು ಬೆರೆಸಿದರೆ ಜೋಳದ ರೊಟ್ಟಿ ಸರಿಯಾಗಿ ಬಡಿಯಲು ಬರುವುದಿಲ್ಲ ಎಂದು ನಮ್ಮ ಮನೆಯಲ್ಲಿಯೇ ಹೇಳಿಸಿಕೊಂಡಿದ್ದೇನೆ.

ಬಿತ್ತನೆಗೆ ತಂದು ಉಳಿದ ಬೀಜವನ್ನು ಅಡುಗೆಮನೆಗೆ ಒಯ್ಯಲೇಬಾರದು. ಅದಕ್ಕೆ ಶಿಲೀಂಧ್ರನಾಶಕ ಲೇಪಿಸಿರುತ್ತಾರೆ. ತೊಳೆದರೂ, ಬೇಯಿಸಿದರೂ ಅದು ಆಹಾರವಾಗುವುದಿಲ್ಲ. ದನಗಳಿಗೂ ಹಾಕಬೇಡಿ. ಮನೆಬಳಕೆಗೆ ಬೇಕಾದ ಕಾಳನ್ನು ಒಕ್ಕಣೆಯ ದಿನವೇ ಬೇರೆ ಚೀಲದಲ್ಲಿ ತೆಗೆದಿಡುವುದು ಲೇಸು.

ಥೈರಾಯ್ಡಿಗೆ ಮಾತ್ರೆ ತೆಗೆದುಕೊಳ್ಳುವವರು ಅದರ ಜೊತೆಯಲ್ಲಿಯೇ ಸೋಯಾ ತಿನ್ನಬಾರದು, ಮಾತ್ರೆ ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ಎಷ್ಟು ಹೊತ್ತು ಬಿಡಬೇಕೆಂದು ವೈದ್ಯರನ್ನು ಕೇಳಿಕೊಳ್ಳಬೇಕು. ಸ್ತನದ ಕ್ಯಾನ್ಸರಿಗೆ ಚಿಕಿತ್ಸೆ ಪಡೆದವರು ವೈದ್ಯರನ್ನು ಕೇಳದೆ ಐಸೋಫ್ಲೇವೋನ್ ಮಾತ್ರೆಗಳನ್ನು ಮುಟ್ಟಬಾರದು.

ರಕ್ತಹೀನತೆ

ಮಾತ್ರೆ ನುಂಗುತ್ತಿದ್ದ ಆ ತಾಯಿಯ ವಿಷಯಕ್ಕೆ ಬರುತ್ತೇನೆ. ಅವರಿಗೆ ಪ್ರತಿ ತಿಂಗಳೂ ಹತ್ತು ದಿನ ಮುಟ್ಟು ಹೋಗುತ್ತಿತ್ತು. ಕಳೆ ತೆಗೆಯುವಾಗ ಒಂದು ಸಾಲು ಮುಗಿಸುವುದರೊಳಗೆ ಏದುಸಿರು ಬಂದು ಬದುವಿನ ಮೇಲೆ ಕೂರುತ್ತಿದ್ದರಂತೆ. ಮನೆಯವರಿಗೆ ಹೇಳಿ ತಾಲ್ಲೂಕು ಆಸ್ಪತ್ರೆಗೆ ಕಳುಹಿಸಿದಾಗ ಹಿಮೋಗ್ಲೋಬಿನ್ 6 ಗ್ರಾಂ ಇತ್ತು, 12 ಇರಬೇಕಾದುದು. ಗರ್ಭಕೋಶದಲ್ಲಿ ಗಡ್ಡೆಯೂ ಇತ್ತು. ಮಾತ್ರೆ ಆ ಗಡ್ಡೆಯನ್ನು ಬೆಳೆಸಿತೆಂದು ನಾನು ಹೇಳುತ್ತಿಲ್ಲ. ಮಾತ್ರೆಯ ಭರವಸೆಯಲ್ಲಿ ಮೂರು ತಿಂಗಳು ಕಳೆದುಹೋದವು, ಅಷ್ಟೇ. ಆ ಮೂರು ತಿಂಗಳ ರಕ್ತ ಯಾವ ಕಾಳಿನಿಂದಲೂ ಬೇಗ ತುಂಬುವಂತಹುದಲ್ಲ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 57 ಮಂದಿಗೆ ರಕ್ತಹೀನತೆ ಇದೆ. ಸೋಯಾದಲ್ಲಿ ಕಬ್ಬಿಣವಿದ್ದರೂ ಅದರಲ್ಲಿನ ಫೈಟೇಟ್ ಅಂಶ ಅದನ್ನು ಹಿಡಿದಿಡುತ್ತದೆ. ಊಟದ ಜೊತೆ ನಿಂಬೆಹಣ್ಣು ಹಿಂಡಿಕೊಂಡರೆ ಕಬ್ಬಿಣ ಹೆಚ್ಚು ಹತ್ತುತ್ತದೆ. ಉಂಡ ಕೂಡಲೇ ಚಹಾ ಕುಡಿದರೆ ಕಡಿಮೆಯಾಗುತ್ತದೆ. ಮುಟ್ಟು ಏಳು ದಿನ ಮೀರಿದರೆ, ರಕ್ತ ಗಡ್ಡೆಗಡ್ಡೆಯಾಗಿ ಹೋದರೆ, ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಹನಿ ಕಂಡರೂ, ಸುಗ್ಗಿ ಮುಗಿಯಲಿ ಎಂದು ಕಾಯದೆ ಕರೆದೊಯ್ಯಿರಿ. ಎತ್ತು ಮೇವು ಬಿಟ್ಟರೆ ಅದೇ ದಿನ ಪಶುವೈದ್ಯರಲ್ಲಿಗೆ ಹೋಗುವವರು ನಾವು.

ಮೊದಲು ಪ್ರಶ್ನೆ ಕೇಳಿದ ಆ ಮಹಿಳೆಗೆ ಗಡ್ಡೆಯೇನೂ ಇರಲಿಲ್ಲ, ಬರೀ ಹೆದರಿಕೆ. ಈ ವರ್ಷ ಅವರು ಅರ್ಧ ಚೀಲ ಡಿ.ಎಸ್.ಬಿ. 21 ಕಾಳನ್ನು ಮನೆಗೆಂದು ಉಳಿಸಿಕೊಂಡಿದ್ದಾರೆ.