ವ್ಯಾಪಾರದಿಂದ ಹುಟ್ಟಿದ ಇಂಗ್ಲಿಷ್ ಮಾತುಗಳು

ಇಂಗ್ಲಿಷ್ ನುಡಿಗಟ್ಟುಗಳೆಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಪರೀಕ್ಷೆಯ ಹಿಂದಿನ ರಾತ್ರಿ ಬಾಯಿಪಾಠ ಮಾಡುವ ಪಟ್ಟಿ. ಪರೀಕ್ಷೆ ಮುಗಿದ ಮೇಲೆ ಅದು ಮರೆತೂ ಹೋಗುತ್ತದೆ. ಆದರೆ ಇಂಥ ಮಾತುಗಳ ಹಿಂದೆ ಒಂದು ಕಾಲ, ಒಂದು ಕಸುಬು ಇರುತ್ತದೆ. ಅದು ತಿಳಿದರೆ ಮಾತು ತಾನಾಗಿಯೇ ನೆನಪಿನಲ್ಲಿ ಉಳಿಯುತ್ತದೆ. ನಾನು ವಾಣಿಜ್ಯ ವಿದ್ಯಾರ್ಥಿನಿಯಾದ್ದರಿಂದ ವ್ಯಾಪಾರಕ್ಕೆ ಸೇರಿದ ಮೂರನ್ನು ಆರಿಸಿಕೊಂಡಿದ್ದೇನೆ.

ಮೊದಲನೆಯದು ‘ಬೇಕರ್ಸ್ ಡಜನ್’. ಡಜನ್ ಎಂದರೆ 12. ಬೇಕರಿಯವನ ಡಜನ್ ಮಾತ್ರ 13. ಇಂಗ್ಲೆಂಡಿನಲ್ಲಿ 13ನೇ ಶತಮಾನದಲ್ಲಿ, ಮೂರನೇ ಹೆನ್ರಿ ರಾಜನ ಕಾಲದಲ್ಲಿ, ಬ್ರೆಡ್ಡಿನ ತೂಕಕ್ಕೆ ಕಾನೂನು ಬಂತು. ಗೋಧಿಯ ಬೆಲೆ ನೋಡಿ ಬ್ರೆಡ್ಡಿನ ತೂಕ ನಿಗದಿಯಾಗುತ್ತಿತ್ತು. ತೂಕ ಕಡಿಮೆ ಬಂದರೆ ದಂಡ; ತಪ್ಪು ದೊಡ್ಡದಾದರೆ ಕುತ್ತಿಗೆ, ಕೈಗಳನ್ನು ಮರದ ಚೌಕಟ್ಟಿಗೆ ಸಿಕ್ಕಿಸಿ ಊರ ಜನರ ಮುಂದೆ ನಿಲ್ಲಿಸುತ್ತಿದ್ದರು. ಕೈಯಲ್ಲಿ ಮಾಡಿದ ಬ್ರೆಡ್ ಎಲ್ಲವೂ ಒಂದೇ ತೂಕ ಬರುವುದಿಲ್ಲವಲ್ಲ! ಆ ಭಯಕ್ಕೆ ಒಂದನ್ನು ಹೆಚ್ಚಿಗೆ ಕೊಡುತ್ತಿದ್ದರು ಎನ್ನುವುದು ಒಂದು ವಿವರಣೆ. ಬೀದಿಯಲ್ಲಿ ಮಾರುವವರು ಕೊಂಡ ಬೆಲೆಗೇ ಮಾರಬೇಕಾಗಿದ್ದರಿಂದ ಹದಿಮೂರನೆಯದೇ ಅವರ ಲಾಭವಾಗಿತ್ತು ಎನ್ನುವುದು ಇನ್ನೊಂದು. ನಾವು ಅಕೌಂಟೆನ್ಸಿಯಲ್ಲಿ ಕಲಿಯುವ ಟ್ರೇಡ್ ಡಿಸ್ಕೌಂಟ್‌ಗೆ ಇದು ಹತ್ತಿರದ ನೆಂಟ.

ಎರಡನೆಯದು ಷೇರು ಪೇಟೆಯ ‘ಬೇರ್’, ಅಂದರೆ ಕರಡಿ. ಕರಡಿ ಹಿಡಿಯುವ ಮೊದಲೇ ಅದರ ಚರ್ಮ ಮಾರಬೇಡ ಎಂಬ ಹಳೆಯ ಗಾದೆ ಯುರೋಪಿನಲ್ಲಿದೆ. 18ನೇ ಶತಮಾನದ ಆರಂಭದಲ್ಲಿ ಲಂಡನ್ನಿನಲ್ಲಿ ಕೆಲವರು ತಮ್ಮ ಬಳಿ ಇಲ್ಲದ ಷೇರುಗಳನ್ನೇ ಮಾರುತ್ತಿದ್ದರು. ಇಂದು 100ಕ್ಕೆ ಮಾರಿ, ಕೊಡುವ ದಿನ ಬೆಲೆ 80ಕ್ಕೆ ಇಳಿದರೆ ಆಗ ಕೊಂಡು ಒಪ್ಪಿಸುವುದು, ಲಾಭ 20. ಬೆಲೆ 120ಕ್ಕೆ ಏರಿದರೆ ನಷ್ಟವೂ 20. ಇಂಥವರನ್ನು ‘ಕರಡಿ ಚರ್ಮದ ದಲ್ಲಾಳಿ’ ಎಂದು ಕರೆದರು. ಬರಬರುತ್ತಾ ಚರ್ಮ ಹೋಗಿ ಕರಡಿ ಉಳಿಯಿತು. ಕನ್ನಡದಲ್ಲಿ ‘ಕೂಸು ಹುಟ್ಟುವ ಮುಂಚೆ ಕುಲಾವಿ’ ಎನ್ನುತ್ತೇವೆ. ನಮ್ಮ ಮನೆಯ ಉರ್ದುವಿನಲ್ಲಿ ದಾದಿಮಾ, ‘ನ ಸೂತ್ ನ ಕಪಾಸ್, ಜುಲಾಹೇ ಸೇ ಲಠ್ಠಮ್ ಲಠ್ಠಾ’ ಎನ್ನುತ್ತಾರೆ: ನೂಲೂ ಇಲ್ಲ, ಹತ್ತಿಯೂ ಇಲ್ಲ, ಆಗಲೇ ನೇಕಾರನ ಜೊತೆ ದೊಣ್ಣೆ ಜಗಳ. ಭಾಷೆ ಮೂರು, ಬುದ್ಧಿ ಒಂದೇ.

ಮೂರನೆಯದು ಒಂದು ಹೋಲಿಕೆ: ‘ಮ್ಯಾಡ್ ಆ್ಯಸ್ ಎ ಹ್ಯಾಟರ್’, ಟೋಪಿ ಮಾಡುವವನಷ್ಟು ಹುಚ್ಚ. 1865ರಲ್ಲಿ ಪ್ರಕಟವಾದ ‘ಆಲಿಸ್ ಇನ್ ವಂಡರ್‌ಲ್ಯಾಂಡ್’ ಕಥೆಯಿಂದ ಇದು ಬಂತೆಂದು ಹಲವರು ತಿಳಿದಿದ್ದಾರೆ. ಆದರೆ ಆ ಪುಸ್ತಕಕ್ಕಿಂತ ದಶಕಗಳ ಮೊದಲೇ ಈ ಮಾತು ಅಚ್ಚಾಗಿತ್ತು. ಆ ಕಾಲದಲ್ಲಿ ಮೊಲದಂಥ ಪ್ರಾಣಿಗಳ ತುಪ್ಪಳವನ್ನು ಹದಮಾಡಿ ಟೋಪಿಯ ಬಟ್ಟೆ ಮಾಡಲು ಪಾದರಸದ ಲವಣ ಬಳಸುತ್ತಿದ್ದರು. ಗಾಳಿಯಾಡದ ಕೋಣೆಗಳಲ್ಲಿ ಅದರ ಆವಿ ಕುಡಿದು ಕೆಲಸಗಾರರ ಕೈ ನಡುಗುತ್ತಿತ್ತು, ಮಾತು ತೊದಲುತ್ತಿತ್ತು, ನೆನಪು ಕೆಡುತ್ತಿತ್ತು. ಈ ಹೋಲಿಕೆಗೆ ಸಾಮಾನ್ಯವಾಗಿ ಕೊಡುವ ಕಾರಣ ಇದೇ. ಅಮೆರಿಕದ ಡ್ಯಾನ್‌ಬರಿ ಟೋಪಿಗಳಿಗೆ ಹೆಸರಾದ ಊರು. ಈ ಕಾಯಿಲೆಗೆ ‘ಡ್ಯಾನ್‌ಬರಿ ನಡುಕ’ ಎಂದೇ ಹೆಸರು ಬಿತ್ತು. ಆ ದೇಶದಲ್ಲಿ ಟೋಪಿ ತಯಾರಿಕೆಯಲ್ಲಿ ಪಾದರಸದ ಬಳಕೆ ನಿಂತದ್ದು 1941ರಲ್ಲಿ.

ಅವರು ಹುಚ್ಚರಲ್ಲ, ಹೊಟ್ಟೆಪಾಡಿಗಾಗಿ ವಿಷ ಕುಡಿದವರು. ಟೋಪಿ ಹಾಕಿಕೊಂಡವರು ಚೆಂದ ಕಂಡರು, ಮಾಡಿಕೊಟ್ಟವರು ನಗೆಪಾಟಲಾದರು. ಬಿಸಿನೆಸ್ ಸ್ಟಡೀಸ್‌ನಲ್ಲಿ ಕಾರ್ಮಿಕರ ಸುರಕ್ಷತೆ ಎಂಬ ಅಂಶವನ್ನು ನಾವು ಎರಡು ಸಾಲಿನಲ್ಲಿ ಬರೆದು ಮುಗಿಸುತ್ತೇವೆ. ಅದು ಯಾಕೆ ಬೇಕು ಎಂಬುದನ್ನು ಈ ಮಾತು ಇಂದಿಗೂ ಹೇಳುತ್ತಿದೆ.

ಗೆಳೆಯರೇ, ಮುಂದಿನ ಸಲ ಇಂಥ ಮಾತು ಸಿಕ್ಕಾಗ ಅರ್ಥದ ಜೊತೆಗೆ ಇನ್ನೊಂದು ಪ್ರಶ್ನೆ ಕೇಳಿ: ಇದನ್ನು ಮೊದಲು ಆಡಿದವರು ಯಾರನ್ನು ನೋಡಿ ಆಡಿರಬಹುದು?

— ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ